ನಾಗಾವಿಯಲ್ಲಿ ಎದುರಾಳಿಯ ಮಾತಿಗೆ ಮೊದಲ ಸ್ಥಾನ

ಸೇಡಂ, ಚಿತ್ತಾಪುರ, ಶಹಾಬಾದಿನ ಹುಡುಗ ಹುಡುಗಿಯರು ರೈಲು ಹಿಡಿದು, ಚಿಂಚೋಳಿಯವರು ಬಸ್ಸು ಹತ್ತಿ ಕಲಬುರಗಿಯ ಕಾಲೇಜುಗಳಿಗೆ ಬರುವುದು ಬಹುಕಾಲದ ರೂಢಿ. ಪದವಿ ತರಗತಿಗಳ ಪಠ್ಯದಲ್ಲಿ ಈಚೆಗೆ ‘ಸಂವಹನ ಕೌಶಲ’, ‘ವಿಮರ್ಶಾತ್ಮಕ ಚಿಂತನೆ’ ಎಂಬ ವಿಷಯಗಳು ಕಾಣಿಸಿಕೊಂಡಿವೆ. ಪಾಠ ಹೇಳುವವರೂ ಕೇಳುವವರೂ ಇವನ್ನು ಕಂಪನಿ ಸಂದರ್ಶನಕ್ಕೆ ಬೇಕಾದ, ಹೊರಗಿನಿಂದ ಬಂದ ಸರಕು ಎಂದೇ ಭಾವಿಸುವುದುಂಟು. ಆದರೆ ವಾಡಿಯಿಂದ ಸಿಕಂದರಾಬಾದಿನತ್ತ ಹೋಗುವ ರೈಲು ಚಿತ್ತಾಪುರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೂಗಳತೆಯಷ್ಟು ದೂರದಲ್ಲಿರುವ ನಾಗಾವಿಯ ಕಲ್ಲುಗಳು ಬೇರೆಯೇ ಕತೆ ಹೇಳುತ್ತವೆ.

ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿತ್ತು. ಘಟಿಕಾಸ್ಥಾನವೆಂದರೆ ಉನ್ನತ ವ್ಯಾಸಂಗದ ಕೇಂದ್ರ. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದಲ್ಲಿ ಅವನ ಮಂತ್ರಿ ಮಧುಸೂದನ ಇದಕ್ಕೆ ನೆರವಾದ ಸಂಗತಿಯನ್ನು 1058ರ ಶಾಸನ ದಾಖಲಿಸುತ್ತದೆ. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಮಂದಿ ವಿದ್ಯಾರ್ಥಿಗಳು. ಶಾಸ್ತ್ರ ಬೋಧಿಸಲು ಮೂವರು. ಪುಸ್ತಕ ಭಂಡಾರ ನೋಡಿಕೊಳ್ಳಲು ‘ಸರಸ್ವತೀ ಭಂಡಾರಿಗರು’ ಆರು ಮಂದಿ! ಶಾಸ್ತ್ರದ ಉಪಾಧ್ಯಾಯರಿಗಿಂತ ಗ್ರಂಥಪಾಲಕರೇ ಇಮ್ಮಡಿ ಇದ್ದ ವಿದ್ಯಾಸಂಸ್ಥೆ ಇಂದು ಎಲ್ಲಿದೆಯೋ ಹುಡುಕಬೇಕು. ಈ ಶಾಸನಗಳನ್ನು ನಿಜಾಮ ಸಂಸ್ಥಾನದ ಪ್ರಾಕ್ತನ ಶಾಸ್ತ್ರ ಇಲಾಖೆ 1928ರಲ್ಲಿ ಪ್ರಕಟಿಸಿತು.

ಗಮನಿಸಬೇಕಾದದ್ದು ಆ ಮೂವರು ಏನು ಕಲಿಸುತ್ತಿದ್ದರು ಎಂಬುದನ್ನು. ಒಬ್ಬನದು ಭಟ್ಟದರ್ಶನ, ಇನ್ನೊಬ್ಬನದು ಪ್ರಭಾಕರ ದರ್ಶನ. ಎರಡೂ ಮೀಮಾಂಸೆಯ ಪಂಥಗಳೇ, ಆದರೆ ಹೆಜ್ಜೆಹೆಜ್ಜೆಗೂ ಒಂದನ್ನೊಂದು ಅಲ್ಲಗಳೆಯುವಂಥವು. ಮೂರನೆಯವನು ‘ನ್ಯಾಸ’ವೆಂಬ ವ್ಯಾಕರಣ ವ್ಯಾಖ್ಯಾನವನ್ನು ಬೋಧಿಸುತ್ತಿದ್ದ. ಅದನ್ನು ಬರೆದ ಜಿನೇಂದ್ರಬುದ್ಧಿ ಬೌದ್ಧ ವಿದ್ವಾಂಸ. ಒಂದೇ ದತ್ತಿಯ ಅನ್ನ ಉಂಡು ಒಬ್ಬರನ್ನೊಬ್ಬರು ಖಂಡಿಸುವ ಇಬ್ಬರು ಗುರುಗಳು, ಜೊತೆಗೆ ವೇದಪ್ರಾಮಾಣ್ಯವನ್ನು ಒಪ್ಪದ ಮತದವನೊಬ್ಬನ ಪಠ್ಯ. ದತ್ತಿ ಕೊಟ್ಟವನಿಗೆ ಇದು ಗೊತ್ತಿರಲಿಲ್ಲವೆಂದು ಹೇಳಲಾಗದು.

ಮೀಮಾಂಸೆಯ ಪಾಠಕ್ರಮದಲ್ಲಿ ಒಂದು ಕಟ್ಟುನಿಟ್ಟಿದೆ. ಪ್ರತಿಯೊಂದು ಚರ್ಚೆಯನ್ನೂ ‘ಅಧಿಕರಣ’ ಎನ್ನುತ್ತಾರೆ. ಮೊದಲು ವಿಷಯ, ಆಮೇಲೆ ಸಂಶಯ, ಅನಂತರ ಪೂರ್ವಪಕ್ಷ, ಎಂದರೆ ಎದುರಾಳಿಯ ವಾದ. ಅದು ಮುಗಿದ ಮೇಲಷ್ಟೇ ಸಿದ್ಧಾಂತ. ಎದುರಾಳಿಯ ಮಾತನ್ನು ಅವನೇ ಮೆಚ್ಚುವಷ್ಟು ಗಟ್ಟಿಯಾಗಿ ಹೇಳಬಲ್ಲವನೇ ಉತ್ತರ ಕೊಡಲು ಅರ್ಹ. ಬಡಕಲು ಪೂರ್ವಪಕ್ಷವನ್ನು ಕಟ್ಟಿ ಕೆಡವುವುದರಿಂದ ಯಾರೂ ಪಂಡಿತರೆನಿಸಿಕೊಳ್ಳುತ್ತಿರಲಿಲ್ಲ.

ಮೊದಲನೆಯ ಅಧಿಕರಣವೇ ವಿದ್ಯಾರ್ಥಿಗೆ ಸಂಬಂಧಿಸಿದ್ದು. ವೇದವನ್ನು ಅಧ್ಯಯನ ಮಾಡಬೇಕೆಂಬ ವಿಧಿ ಇದೆ. ಬಾಯಿಪಾಠ ಮಾಡಿದರೆ ಸಾಕೇ, ಅರ್ಥವನ್ನೂ ವಿಚಾರಿಸಬೇಕೇ ಎಂಬುದು ಸಂಶಯ. ಕಂಠಪಾಠವಾದರೆ ವಿಧಿ ಪೂರೈಸಿತು, ಇನ್ನು ಮನೆಗೆ ಹೋಗಬಹುದು ಎಂಬುದು ಪೂರ್ವಪಕ್ಷ. ಇಲ್ಲ, ಅರ್ಥ ತಿಳಿಯುವುದೇ ಓದಿನ ಫಲ, ಆದ್ದರಿಂದ ವಿಚಾರ ನಡೆಯಲೇಬೇಕು ಎಂಬುದು ಸಿದ್ಧಾಂತ. ಇಷ್ಟಕ್ಕೂ ಜಗಳ ಮುಗಿಯುವುದಿಲ್ಲ. ಆ ವಿಧಿ ಕಲಿಯುವವನಿಗೆ ಹೇಳಿದ್ದು ಎಂದು ಭಟ್ಟರು ವಾದಿಸಿದರೆ, ಮೂಲದಲ್ಲಿರುವುದು ಕಲಿಸುವವನಿಗೆ ಹೇಳಿದ ವಿಧಿ, ಶಿಷ್ಯನ ಓದು ಅದರ ಬೆನ್ನಿಗೆ ಬರುವುದು ಎಂದು ಪ್ರಾಭಾಕರರು ಹಿಡಿದು ನಿಂತರು. ಫಲಿತಾಂಶ ಕಳಪೆಯಾದಾಗ ತಪ್ಪು ಯಾರದೆಂಬ ಇಂದಿನ ವ್ಯಾಜ್ಯಕ್ಕೆ ಇದು ತೀರ ಹೊರತಲ್ಲ.

ಹಾಗೆಂದು ನಾಗಾವಿಯನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಅದು ಬ್ರಾಹ್ಮಣ ಬಾಲಕರ ಶಾಲೆ. ಹೆಣ್ಣುಮಕ್ಕಳಿಗೆ, ಒಕ್ಕಲಿನವರ ಮತ್ತು ಕಲ್ಲು ಕಡಿಯುವವರ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ವೇದದ ಅರ್ಥವೇನೆಂದು ಎಷ್ಟು ಬೇಕಾದರೂ ಕೇಳಬಹುದಿತ್ತು. ವೇದವೇ ಏಕೆ ಎಂದು ಮೀಮಾಂಸಕನ ಎದುರು ಕೇಳಿದವನು ಪೂರ್ವಪಕ್ಷದಲ್ಲೇ ಉಳಿಯುತ್ತಿದ್ದ.

ಆ ಕೊರತೆಯನ್ನು ತುಂಬುವಂಥ ಮಾತು ಇನ್ನೂರು ವರ್ಷ ಮೊದಲೇ ಅದೇ ರೈಲುದಾರಿಯ ಮುಂದಿನ ಊರಲ್ಲಿ ಕೇಳಿಬಂದಿತ್ತು. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ರಾಷ್ಟ್ರಕೂಟ ರಾಜಧಾನಿ ಮಾನ್ಯಖೇಟ. ಸುಮಾರು 850ರಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಕಾವ್ಯಲಕ್ಷಣದ ಪುಸ್ತಕವಾದರೂ ಅದು ಕವಿಯಿಂದ ಆರಂಭಿಸುವುದಿಲ್ಲ, ಮಾತನಾಡುವ ಮನುಷ್ಯನಿಂದ ಆರಂಭಿಸುತ್ತದೆ. ತಾನು ಬಗೆದದ್ದನ್ನು ಇನ್ನೊಬ್ಬರಿಗೆ ತಿಳಿಸಬಲ್ಲವನು ಮಾತು ಬಲ್ಲವನು. ಕಿರಿದರಲ್ಲಿ ಹಿರಿದನ್ನು ತಿಳಿಸುವವನು ಅವನಿಗಿಂತ ಮೇಲು. ಛಂದಸ್ಸು, ಮಹಾಕಾವ್ಯ ಆಮೇಲಿನ ಮೆಟ್ಟಿಲುಗಳು. ಓದದವರೂ ತಂತಮ್ಮ ನುಡಿಯಲ್ಲಿ ಜಾಣರು, ಎಳೆಯ ಮಕ್ಕಳು ಕೂಡ ಎಂದು ಹೇಳುವ ಧೈರ್ಯ ಆ ಗ್ರಂಥಕ್ಕಿತ್ತು. ಕೇಳುವವನಿಗೆ ಮುಟ್ಟಿತೇ ಇಲ್ಲವೇ ಎಂಬುದೇ ಅದರ ಮೊದಲ ಅಳತೆಗೋಲು. ಸಂಸ್ಕೃತವನ್ನು ಅಳತೆಗೆಟ್ಟು ಬೆರೆಸಿದ ಕನ್ನಡವನ್ನು ಅದು ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆ ಹನಿಗೆ ಹೋಲಿಸುತ್ತದೆ. ಇಂಗ್ಲಿಷಿನ ತುಣುಕುಗಳನ್ನು ಸುರಿದು ‘ಸಂವಹನ’ ಮಾಡುವವರು ಇದನ್ನು ಓದಿಕೊಂಡರೆ ನಷ್ಟವಿಲ್ಲ.

ಇವೆರಡಕ್ಕೂ ಬಹಳ ಹಿಂದಿನದು ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಸನ್ನತಿ. ಅಲ್ಲಿ ದೊರೆತ ಕಲ್ಲುಹಾಸಿನ ಮೇಲೆ ಅಶೋಕನ ಆಜ್ಞೆಗಳಿವೆ. ಅವುಗಳಲ್ಲೊಂದು ಹನ್ನೆರಡನೆಯ ಶಿಲಾಶಾಸನ. ನಾಲಗೆಗೆ ಹಿಡಿತವಿರಲಿ, ಸಂದರ್ಭವಿಲ್ಲದೆ ತನ್ನ ಮತವನ್ನು ಹೊಗಳಿ ಪರರದ್ದನ್ನು ತೆಗಳಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅದರ ತಿರುಳು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ದೇಗುಲದ ಮಾಡು ಕುಸಿದಾಗ ಆ ಕಲ್ಲು ಬೆಳಕಿಗೆ ಬಂತು. ಅಲ್ಲಿಯವರೆಗೆ ಅದು ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹ ನಿಲ್ಲಿಸಲೆಂದು ನಡುವೆ ಎಂದೋ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋಗಿವೆ, ಉಳಿದವನ್ನು ಓದಬಹುದು.