ಕೂಗಿದರೆ ಸಾಲದು: ಕೊಂಡಿಯಲ್ಲಿ ಕೆಡುವ ದನಿಯ ಚರಿತ್ರೆ



ಚರಿತ್ರೆಯೆಂದರೆ ಅರಸರ ವಂಶಾವಳಿಯೂ ಯುದ್ಧಗಳ ಇಸವಿಯೂ ಮಾತ್ರವಲ್ಲ ಎಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮನುಷ್ಯನ ಮಾತು ದೂರ ಹೋಗಲು ಕಲಿತ ಬಗೆಗೂ ಒಂದು ಚರಿತ್ರೆಯಿದೆ. ಅದರ ಇತ್ತೀಚಿನ ಅಧ್ಯಾಯಗಳಲ್ಲೊಂದು ಅಂತರ್ಜಾಲದ ಮೂಲಕ ಬೆಸೆದ ರೇಡಿಯೋ ರಿಪೀಟರುಗಳದು. ಅವುಗಳ ದನಿ ಏಕೆ ಕೆಡುತ್ತದೆ, ಕೆಟ್ಟುದನ್ನು ಹೇಗೆ ಹುಡುಕಬೇಕು ಎಂಬುದೇ ಇಂದಿನ ಪಾಠ.

ಮೊದಲು ನಮ್ಮ ನೆಲವನ್ನೇ ನೋಡೋಣ. ಭೂಪಟದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ನೆರೆಹೊರೆಯವು. ಆದರೆ ನಡುವೆ ಗುಡ್ಡ, ಕಣಿವೆ, ದಟ್ಟ ಕಾಡು. ಪೊಲೀಸರ ಕೈಯಲ್ಲೋ ಹವ್ಯಾಸಿ ರೇಡಿಯೋದವರ ಕೈಯಲ್ಲೋ ಇರುವ ವಾಕಿಟಾಕಿಯ ಅಲೆಗಳು ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗುವಂಥವು. ಗುಡ್ಡ ಅಡ್ಡ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬೆಳ್ತಂಗಡಿಯ ಬಳಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದಲ್ಲಿರುವ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನನು ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದ್ದು, ಅಲ್ಲಿಂದ ಸುತ್ತಲಿನ ಸೀಮೆಯೆಲ್ಲ ಕಣ್ಣಿಗೆ ಬೀಳುತ್ತದೆಂದೇ. ರಿಪೀಟರಿನ ತತ್ತ್ವವೂ ಅದೇ. ಅದು ಎತ್ತರದಲ್ಲಿ ನಿಂತು ಒಂದು ಆವರ್ತನದಲ್ಲಿ ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಸುತ್ತೆಲ್ಲ ಸಾರುತ್ತದೆ.

ಒಂದು ಎತ್ತರಕ್ಕೆ ಇನ್ನೊಂದು ಎತ್ತರ ಕಾಣದಿದ್ದರೆ? ಆಗ ಎರಡನ್ನೂ ಬೇರೊಂದು ದಾರಿಯಿಂದ ಬೆಸೆಯಬೇಕು. 1997ರಲ್ಲಿ ಕೆನಡಾದ ವ್ಯಾಂಕೂವರಿನ ಡೇವಿಡ್ ಕ್ಯಾಮರೂನ್ ಎಂಬ ಹವ್ಯಾಸಿ ಅಂತರ್ಜಾಲವನ್ನೇ ಆ ದಾರಿಯಾಗಿ ಮಾಡಿ ಐಆರ್‌ಎಲ್‌ಪಿ ಎಂಬ ವ್ಯವಸ್ಥೆಯನ್ನು ರೂಪಿಸಿದರು. 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ಎಕೋಲಿಂಕ್ ತಂತ್ರಾಂಶವನ್ನು ಹೊರತಂದರು. ಹೀಗೆ ಬೆಸೆಯಬೇಕೆಂಬವರು ಮೊದಲು ತಮ್ಮ ದೇಶದ ಪರವಾನಗಿ ನಿಯಮಗಳನ್ನು ಓದಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ದನಿ ಸರಿಯಾಗಿ ಕೇಳದಿದ್ದಾಗ ಎಲ್ಲರೂ ಮಾಡುವ ಮೊದಲ ಕೆಲಸ ಅದನ್ನು ಏರಿಸುವುದು. ಇದು ಹಳೆಯ ರೋಗ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿಯನ್ನು ಹಾಸಿದಾಗ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತಗಳು ತಂತಿಯಲ್ಲಿ ಹರಡಿಕೊಂಡು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ವೈಲ್ಡ್‌ಮನ್ ವೈಟ್‌ಹೌಸ್ ಎಂಬವರು ಸುಮಾರು 2,000 ವೋಲ್ಟಿನ ವಿದ್ಯುತ್ತನ್ನು ನುಗ್ಗಿಸಿದರು. ಕೆಲವೇ ವಾರಗಳಲ್ಲಿ ತಂತಿ ಸತ್ತಿತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ನರ ದಾರಿ ಬೇರೆ. ಅವರು ಸಣ್ಣ ವಿದ್ಯುತ್ತನ್ನೇ ಕಳುಹಿಸಿ, ಅದನ್ನು ಗುರುತಿಸಬಲ್ಲ ಸೂಕ್ಷ್ಮ ಉಪಕರಣವನ್ನು ರಚಿಸಿದರು. 1866ರಲ್ಲಿ ಹಾಸಿದ ತಂತಿ ನಿಂತಿತು. ಕೂಗುವುದಕ್ಕಿಂತ ಕಿವಿಗೊಡುವುದು ಮೇಲೆಂಬುದು ಅಂದೇ ರುಜುವಾತಾಯಿತು.

ನಮ್ಮ ನಾಡಿಗೆ ಬಂದರೆ, 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, 30 ವ್ಯಾಟಿನ ಪುಟ್ಟ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಪದ ಮುಂದೆ ದೇಶದ ಪ್ರಸಾರ ಸಂಸ್ಥೆಗೇ ಹೆಸರಾಯಿತು. 1976ರಲ್ಲಿ ನಮ್ಮ ಜಿಲ್ಲೆಗೆ ಆಕಾಶವಾಣಿ ಬಂದಾಗ ಸ್ಟುಡಿಯೋ ಮಂಗಳೂರಿನಲ್ಲಿ, ಪ್ರಸಾರ ಗೋಪುರ ದೂರದ ಬ್ರಹ್ಮಾವರದಲ್ಲಿ. ಮಾತು ಹುಟ್ಟುವ ಜಾಗವೊಂದು, ಹೊರಡುವ ಜಾಗ ಇನ್ನೊಂದು, ನಡುವೆ ಕೊಂಡಿ. ದನಿ ಕೆಡುವುದು ಹೆಚ್ಚಾಗಿ ಇಂಥ ಕೊಂಡಿಗಳಲ್ಲಿಯೇ.

ಬೆಸೆದ ರಿಪೀಟರುಗಳಲ್ಲಿ ಕೊಂಡಿಗಳು ಹಲವು: ರಿಸೀವರಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಜಾಲಕ್ಕೆ, ಜಾಲದಿಂದ ಆಚೆಯ ಕಂಪ್ಯೂಟರಿಗೆ, ಅಲ್ಲಿಂದ ಟ್ರಾನ್ಸ್‌ಮಿಟರಿಗೆ. ಪ್ರತಿ ಕೊಂಡಿಯ ರೋಗಕ್ಕೂ ತನ್ನದೇ ಲಕ್ಷಣವಿದೆ. ದನಿ ಒಡೆದು ಕರಕರ ಎಂದರೆ ಎಲ್ಲಿಯೋ ಮಟ್ಟ ಮಿತಿಮೀರಿದೆ. ಎಫ್‌ಎಂ ಪದ್ಧತಿಯಲ್ಲಿ ತೀಕ್ಷ್ಣ ಸ್ವರಗಳನ್ನು ಕಳುಹಿಸುವಾಗ ಎತ್ತಿ, ಪಡೆಯುವಾಗ ಇಳಿಸುತ್ತಾರೆ. ಇಳಿಸುವುದನ್ನು ಮರೆತರೆ ಮಾತು ಕೀರಲಾಗುತ್ತದೆ, ಎರಡು ಸಲ ಇಳಿಸಿದರೆ ಕಂಬಳಿ ಹೊದ್ದು ಮಾತಾಡಿದಂತೆ ಮಂಕಾಗುತ್ತದೆ. ಒಂದೇ ಸಮನೆ ಗುಂಯ್ಗುಡುವ ಸದ್ದು ಸಾಮಾನ್ಯವಾಗಿ ಕರೆಂಟಿನ 50 ಹರ್ಟ್ಸಿನದು. ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರನ್ನಿಟ್ಟು ಎರಡು ಉಪಕರಣಗಳ ನೆಲತಂತಿಗಳನ್ನು ಬೇರ್ಪಡಿಸಿದರೆ ಅದು ಬಹುಮಟ್ಟಿಗೆ ಶಮನವಾಗುತ್ತದೆ. ಮಾತು ತುಂಡುತುಂಡಾದರೆ ಮಾತ್ರ ಜಾಲವನ್ನು ಶಂಕಿಸಬೇಕು. ಎಕೋಲಿಂಕ್ ಮಾತನ್ನು ಸೆಕೆಂಡಿನ ಹನ್ನೆರಡನೆಯ ಒಂದು ಪಾಲಿನಷ್ಟು ಸಣ್ಣ ಪೊಟ್ಟಣಗಳಲ್ಲಿ ಕಳುಹಿಸುತ್ತದೆ. ದಾರಿಯಲ್ಲಿ ಎರಡು ಪೊಟ್ಟಣ ಕಳೆದುಹೋದರೆ ಒಂದು ಅಕ್ಷರ ಹೋದಂತೆ.

ಆದ್ದರಿಂದ ಹುಡುಕುವ ಕ್ರಮ ಮುಖ್ಯ. ಮೊದಲು ಜಾಲವನ್ನು ಬಿಡಿಸಿ, ರಿಪೀಟರೊಂದೇ ಶುದ್ಧವಾಗಿ ಮಾತಾಡುತ್ತದೆಯೇ ನೋಡಬೇಕು. ಬಳಿಕ ನಮ್ಮ ದನಿಯನ್ನು ನಮಗೇ ಹಿಂದಿರುಗಿಸುವ ಪರೀಕ್ಷಾ ಕೇಂದ್ರಕ್ಕೆ ಮಾತಾಡಿ ಕೇಳಬೇಕು. ಎಕೋಲಿಂಕಿನಲ್ಲಿ ಅದರ ಸಂಖ್ಯೆ 9999, ಐಆರ್‌ಎಲ್‌ಪಿಯಲ್ಲಿ 9990. ಕೊನೆಗೆ ಆಚೆಯ ತುದಿಯನ್ನು ಪರೀಕ್ಷಿಸಬೇಕು. ಒಮ್ಮೆಗೆ ಒಂದೇ ಗುಂಡಿಯನ್ನು ತಿರುಗಿಸಬೇಕು. ಎರಡನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದೂ ತಿಳಿಯದು.

ಇಷ್ಟೆಲ್ಲ ಏಕೆ ಎಂದು ಕೇಳುವಿರೋ? ನೇತ್ರಾವತಿಯನ್ನು ನೆನೆಯಿರಿ. 1923, 1974, 2019ರ ನೆರೆಗಳನ್ನು ಈ ಸೀಮೆ ಕಂಡಿದೆ. ಮೇಲೆ ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಸುರಿದ ಮಳೆ ಕೆಳಗೆ ಬಂಟ್ವಾಳದ ಅಂಗಳಕ್ಕೆ ಏರುತ್ತದೆ. ಅಂಥ ಹೊತ್ತಿನಲ್ಲಿ ರೇಡಿಯೋದಲ್ಲಿ ಒಂದು ಮಾತು ಬಂತೆನ್ನಿ: “ಹೊಳೆ ದಾಟಬಾರದು.” ಕನ್ನಡದಲ್ಲಿ ನಿಷೇಧ ಬರುವುದು ವಾಕ್ಯದ ಬಾಲದಲ್ಲಿ. ಆಡುವವನು ಗುಂಡಿಯನ್ನು ಅವಸರದಿಂದ ಬಿಟ್ಟರೆ ಅಥವಾ ಜಾಲ ಕೊನೆಯ ಪೊಟ್ಟಣಗಳನ್ನು ನುಂಗಿದರೆ ಕೇಳುವವನಿಗೆ ಸಿಗುವುದು “ಹೊಳೆ ದಾಟಬ” ಎಂಬಷ್ಟೇ. ಮುಂದಿನದು ‘ಹುದೋ’ ‘ಬಾರದೋ’? ಕಳೆದುಹೋದ ಆ ಎರಡು ಅಕ್ಷರಗಳ ಬೆಲೆ ಒಂದು ಜೀವವಾದೀತು.

ಅದಕ್ಕೇ ಅನುಭವಿಗಳು ಗುಂಡಿಯನ್ನು ಒತ್ತಿ ಒಂದು ಕ್ಷಣ ತಡೆದು ಆಡುತ್ತಾರೆ, ಆಡಿ ಒಂದು ಕ್ಷಣ ತಡೆದು ಬಿಡುತ್ತಾರೆ. ಕೇಳಿದವರು ಅದನ್ನೇ ಮರಳಿ ಒಪ್ಪಿಸುತ್ತಾರೆ. ಮಗ್ಗಿಯನ್ನು ಒಪ್ಪಿಸಿದಿರಲ್ಲ, ಹಾಗೆಯೇ. ನಾವಾದರೆ “ಬೇಡ, ಹೊಳೆ ದಾಟಬೇಡಿ” ಎಂದು ನಿಷೇಧವನ್ನು ಮೊದಲಿಗೂ ಕೊನೆಗೂ ಇಡುವುದು ಲೇಸು. ಇನ್ನೊಂದು ಮಾತು: ಮಹಾಮಳೆಯಲ್ಲಿ ಅಂತರ್ಜಾಲವೇ ಮೊದಲು ಕೈಕೊಟ್ಟೀತು. ಆದುದರಿಂದ ಬೆಸುಗೆ ಬಿಟ್ಟರೂ ಪ್ರತಿ ಬೆಟ್ಟದ ರಿಪೀಟರು ತನ್ನಷ್ಟಕ್ಕೆ ತಾನು, ಬ್ಯಾಟರಿಯ ಬಲದಿಂದ, ದುಡಿಯುವಂತಿರಬೇಕು.

ಅಟ್ಲಾಂಟಿಕ್‌ನ ತಂತಿಯಿಂದ ನಮ್ಮ ಗುಡ್ಡಗಳವರೆಗೆ ಚರಿತ್ರೆ ಕಲಿಸಿದ್ದು ಒಂದನ್ನೇ. ಮಾತು ತಲುಪದಿದ್ದಾಗ ದನಿಯನ್ನು ಏರಿಸುವ ಮೊದಲು ಅದು ಯಾವ ಕೊಂಡಿಯಲ್ಲಿ ಕೆಟ್ಟಿತೆಂದು ಕಿವಿಗೊಟ್ಟು ಹುಡುಕಿರಿ. ರೇಡಿಯೋ ಮುಟ್ಟದವರಿಗೂ ಈ ಪಾಠ ಒಂದಿಲ್ಲೊಂದು ದಿನ ಬೇಕಾದೀತು.