ಕಾಡಿನೊಳಗೊಂದು ಪೇಟೆ: ಗೇರುಸೊಪ್ಪೆ



‘ಪೇಟೆ’ ಎಂದೊಡನೆ ಅಕ್ಕೋಳದವರಾದ ನಮಗೆ ನೆನಪಾಗುವುದು ನಿಪ್ಪಾಣಿ. ಪುಣೆ-ಬೆಂಗಳೂರು ಹೆದ್ದಾರಿ, ತಂಬಾಕಿನ ವಖಾರಿಗಳು, ಹೋಗಿ ಬರುವ ಲಾರಿಗಳು. ಆದರೆ ದಟ್ಟ ಕಾಡಿನ ನಡುವೆ ಇದ್ದುಕೊಂಡೇ ದೇಶ ವಿದೇಶಗಳಲ್ಲಿ ಹೆಸರು ಮಾಡಿದ ಪೇಟೆಯೊಂದು ನಮ್ಮ ರಾಜ್ಯದಲ್ಲಿತ್ತು ಎಂಬುದು ನಿಮಗೆ ಗೊತ್ತೇ? ಅದೇ ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆ. ನಗಿರೆ, ಕ್ಷೇಮಪುರ ಎಂಬುವು ಇದರ ಹಳೆಯ ಹೆಸರುಗಳು.

ಕಾಡಿನಲ್ಲಿ ಪೇಟೆ ಬೆಳೆದದ್ದು ಹೇಗೆ? ನಕಾಶೆ ತೆರೆದು ನೋಡಿರಿ. ಶರಾವತಿ ನದಿಯು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಲ್ಲಿಂದ ಸುಮಾರು 30 ಕಿ.ಮೀ. ಒಳಗಿರುವ ಗೇರುಸೊಪ್ಪೆಯವರೆಗೆ ದೋಣಿಗಳು ಬರುತ್ತಿದ್ದವು. ಮುಂದೆ ಸಹ್ಯಾದ್ರಿಯ ಘಟ್ಟ. ಸರಕನ್ನು ದೋಣಿಯಿಂದ ಇಳಿಸಿ ಹೇರೆತ್ತುಗಳ ಬೆನ್ನಿಗೇರಿಸಬೇಕು. ಘಟ್ಟದ ಮೇಲಿನಿಂದ ಬಂದ ಸರಕು ಇಲ್ಲಿಯೇ ದೋಣಿ ಏರಬೇಕು. ಹೀಗೆ ವ್ಯಾಪಾರಿಯಾಗಲಿ, ಪ್ರವಾಸಿಯಾಗಲಿ, ಇಲ್ಲಿ ತಂಗದೆ ಮುಂದೆ ಹೋಗುವಂತಿರಲಿಲ್ಲ.

ಇಲ್ಲಿಯ ಮುಖ್ಯ ಸರಕು ಕಾಳುಮೆಣಸು. 16ನೆಯ ಶತಮಾನದಲ್ಲಿ ಈ ನಾಡನ್ನು ಐವತ್ತಕ್ಕೂ ಹೆಚ್ಚು ವರ್ಷ ಆಳಿದವಳು ಜೈನ ಮತದ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಸಮೀಪದ ಭಟ್ಕಳ ಬಂದರಿನಲ್ಲಿ ಅರಬಸ್ತಾನದ ಕುದುರೆಗಳು ಇಳಿಯುತ್ತಿದ್ದವು; ನವಾಯತ ವ್ಯಾಪಾರಿಗಳು ಅಲ್ಲಿ ನೆಲೆಸಿದ್ದರು. ಜೈನರು, ಹಿಂದೂಗಳು, ಮುಸಲ್ಮಾನರು ಒಬ್ಬರ ಮಾತನ್ನೊಬ್ಬರು ನಂಬಿ ವ್ಯವಹಾರ ಮಾಡಿದ್ದರಿಂದಲೇ ಈ ಸೀಮೆ ಸಿರಿವಂತವಾಯಿತು.

ಆದರೆ ಆ ಸಿರಿ ಉಳಿಯಲಿಲ್ಲ. ಸುಮಾರು 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ರಾಣಿಯನ್ನು ಸೋಲಿಸಿ ನಾಡನ್ನು ವಶಪಡಿಸಿಕೊಂಡನು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದಾಗ, ರಾಣಿಯ ರಾಜಧಾನಿ ಹಾಳುಬಿದ್ದು ಅದರ ಮೇಲೆ ಮರಗಳು ಬೆಳೆದಿದ್ದವು. ಇಪ್ಪತ್ತು ವರ್ಷವೂ ಕಳೆದಿರಲಿಲ್ಲ! ಇಂದು ಆ ಕಾಡಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯು ಹಳೆಯ ವೈಭವಕ್ಕೆ ಸಾಕ್ಷಿಯಾಗಿ ನಿಂತಿದೆ.

ಈ ಕಥೆಯಿಂದ ನಾವು ಕಲಿಯುವುದೇನು? ನಮ್ಮ ನಿಪ್ಪಾಣಿ ಪೇಟೆಯೂ ಬಹುಕಾಲ ಒಂದೇ ಎಲೆಯನ್ನು ನಂಬಿ ಬದುಕಿದೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯ ಮೇಲೆ ಕುಳಿತದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಒಂದೇ ಬೆಳೆ, ಒಂದೇ ದಾರಿ ನಂಬಿದ ಊರಿಗೆ ಆ ದಾರಿ ಮುಚ್ಚಿದರೆ ಗತಿಯೇನು?

ಇದಕ್ಕೆ ಉತ್ತರ ಅದೇ ಶರಾವತಿಯ ದಡದಲ್ಲಿದೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತಾ, ಆ ಊರಿನವರು ಸಮುದ್ರ ವ್ಯಾಪಾರದಿಂದ ಬದುಕುವವರೆಂದು ಬರೆದಿದ್ದಾನೆ. ಜೊತೆಗೆ ಅಲ್ಲಿಯ ಶಾಲೆಗಳನ್ನೂ ಲೆಕ್ಕ ಹಾಕಿದ್ದಾನೆ: ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13. ಸುಮಾರು ಏಳುನೂರು ವರ್ಷಗಳ ಹಿಂದೆ, ಒಂದು ಬಂದರು ಊರಿನಲ್ಲಿ, ಹೆಣ್ಣು ಮಕ್ಕಳಿಗಾಗಿಯೇ ಹದಿಮೂರು ಶಾಲೆಗಳು!

ವಿದ್ಯಾರ್ಥಿಗಳೇ, ಪೇಟೆಯ ಗಳಿಕೆ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಕಲಿತ ವಿದ್ಯೆ ಮಾತ್ರ ಹೊಸ ದಾರಿ ಹುಡುಕಿಕೊಳ್ಳುತ್ತದೆ. ನಾಳೆ ನಮ್ಮೂರಿಗೆ ಬರುವ ಪ್ರವಾಸಿಯೂ ವಖಾರಿಗಳ ಜೊತೆಗೆ ನಮ್ಮ ಶಾಲೆಗಳನ್ನು, ಅಲ್ಲಿ ಓದುವ ಹೆಣ್ಣು ಮಕ್ಕಳನ್ನು ಎಣಿಸಿ ಬರೆದುಕೊಂಡು ಹೋಗುವಂತಾಗಲಿ.