ಮನೆಪಾಠ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕೇ?

‘ಯಾವುದೇ ಅಭ್ಯಾಸಕ್ಕೆ 21 ದಿನ ಸಾಕು, ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಸಬೇಕು’ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಮಕ್ಕಳಿಗೆ ಮನೆಯಲ್ಲೇ ಕಲಿಸುವವರು ಜ್ವರವೋ ಹಬ್ಬವೋ ಬಂದು ಪಾಠ ನಿಂತಾಗ ಇದನ್ನು ನಂಬಿ ಕೈಚೆಲ್ಲುತ್ತಾರೆ.

ವಾಸ್ತವವೇನು? ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕೆಂದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದರು. ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ಹೋಗುತ್ತಾ ಬಿದ್ದುಹೋಯಿತು. ಅಭ್ಯಾಸವಾಗಲು 18ರಿಂದ 254 ದಿನ ಹಿಡಿಯಬಹುದು ಎಂದು 96 ವಯಸ್ಕರ ಮೇಲೆ ನಡೆದ 2009ರ ಲಂಡನ್ ಅಧ್ಯಯನ ಹೇಳಿತು. ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾಳಾಗಲಿಲ್ಲ.

ಪಾಠ ವಾರಗಟ್ಟಲೆ ನಿಂತಿದೆಯೇ? ಇಡೀ ವೇಳಾಪಟ್ಟಿಗೆ ಕೈಹಾಕಬೇಡಿ ಎನ್ನುತ್ತೇವೆ ನಾವು. ತಿಂಡಿಯಾದ ಕೂಡಲೇ ಒಂದೇ ಪಾಠ, ದಿನಾ ಅದೇ ಜಾಗದಲ್ಲಿ. ಅದು ಕೂತ ಮೇಲೆ ಎರಡನೆಯದು. ದಿನ ಎಣಿಸುವುದನ್ನು ಬಿಡಿ, ನಾಳೆ ಪುಸ್ತಕ ತೆರೆಯಿರಿ.